ಆ ತೂತಿಗೆ ಯಜಮಾನ ಯಾರು?

ಕಡಿಮೆ ಇಂಧನದಲ್ಲಿ ನಡೆಯಬೇಕಾದ ಹೊಸ ಕಟ್ಟಡ ಅದು. ಬಾಗಿಲಿಗೆ ಒಂದು ದೊಡ್ಡ ಫ್ಯಾನ್ ಕೂರಿಸಿ, ಸುತ್ತ ಬಟ್ಟೆ ಬಿಗಿದು, ಒಳಗಿನ ಗಾಳಿಯನ್ನು ಹೊರಗೆ ಎಳೆಯಲು ಶುರು ಮಾಡಿದೆವು. ಎರಡು ನಿಮಿಷವೂ ಆಗಿರಲಿಲ್ಲ, ಗೋಡೆ ಶಿಳ್ಳೆ ಹಾಕಿತು. ಸುಮ್ನೆ ಹೇಳುತ್ತಿಲ್ಲ, ನಿಜವಾದ ಶಿಳ್ಳೆ. ಹೊಸ ಗೋಡೆ, ಹೊಸ ಬಣ್ಣ, ಹುಡುಕಿದರೂ ಒಂದು ಬಿರುಕು ಸಿಗುತ್ತಿರಲಿಲ್ಲ. ಸದ್ದಿನ ಹಿಂದೆಯೇ ಹೋದರೆ ಅದು ಒಂದು ಸ್ವಿಚ್ ಬೋರ್ಡಿನಿಂದ ಬರುತ್ತಿತ್ತು. ಬೋರ್ಡ್ ಬಿಚ್ಚಿ ಬೆರಳು ಇಟ್ಟೆ. ತಣ್ಣನೆಯ ಗಾಳಿ ಸುಯ್ ಅಂತ ನುಗ್ಗುತ್ತಿತ್ತು.

ಈ ಪರೀಕ್ಷೆಗೆ ಬ್ಲೋವರ್ ಡೋರ್ ಟೆಸ್ಟ್ ಅನ್ನುತ್ತಾರೆ. ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಹುಟ್ಟಿಸಿ, ಗಂಟೆಗೆ ಎಷ್ಟು ಗಾಳಿ ಸೋರುತ್ತದೆ ಅಂತ ಅಳೆಯುವುದು. ಗಾಳಿ ಸೋರಿದರೆ ಅದರ ಜೊತೆ ಇಂಧನವೂ ಸೋರಿದ ಹಾಗೇ. 50 ಪಾಸ್ಕಲ್ ಅಂದರೆ ಏನೂ ಭಾರಿ ಅಲ್ಲ, 5 ಮಿಲಿಮೀಟರ್ ನೀರು ಒತ್ತುವಷ್ಟೇ. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಗೋಡೆಯ ಮೇಲೆ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಬೀಳುತ್ತದೆ. ಅಷ್ಟಕ್ಕೇ ನಮ್ಮ ಕಟ್ಟಡ ಶಿಳ್ಳೆ ಹಾಕಿತ್ತು.

ಆ ಯೋಜನೆಯಲ್ಲಿ ನಾನು ಲೆಕ್ಕ ಹಾಕುವವನು. ಗೋಡೆ ಎಷ್ಟು ದಪ್ಪ, ಕಿಟಕಿ ಯಾವುದು, ವರ್ಷಕ್ಕೆ ಎಷ್ಟು ಯೂನಿಟ್ ಸಾಕು ಎಂದೆಲ್ಲ ಕಂಪ್ಯೂಟರಿನಲ್ಲಿ ತೋರಿಸುವವನು. ತೂತು ಯಾರದ್ದು ಅಂತ ಕೇಳಿದೆ. ಎಲೆಕ್ಟ್ರಿಷಿಯನ್ ಹೇಳಿದ, ಡ್ರಾಯಿಂಗಿನಲ್ಲಿ ಪೈಪ್ ಅಲ್ಲೇ ಇತ್ತು ಸಾರ್. ಆರ್ಕಿಟೆಕ್ಟ್ ಹೇಳಿದರು, ಪೈಪಿನ ಸುತ್ತ ಮುಚ್ಚುವುದು ಗಾರೆಯವರ ಕೆಲಸ. ಗಾರೆಯವರು ಬರುವ ಹೊತ್ತಿಗೆ ಪೈಪ್ ಇರಲೇ ಇಲ್ಲವಂತೆ. ಕಂಟ್ರಾಕ್ಟರ್ ಸುಮ್ಮನೆ ನಕ್ಕರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಗೋಡೆಗೆ ಯಜಮಾನ ಇದ್ದ, ಪೈಪಿಗೂ ಇದ್ದ. ಎರಡರ ನಡುವಿನ ಸಂದಿಗೆ ಮಾತ್ರ ಯಾರೂ ಇರಲಿಲ್ಲ.

ಆಮೇಲೆ ಎಷ್ಟೋ ಕಟ್ಟಡ ನೋಡಿದೆ. ಕಡಿಮೆ ಇಂಧನದ ಕಟ್ಟಡ ಯಾಕೆ ಕಷ್ಟ ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ನೆನಪಾಗುವುದು ಆ ಸ್ವಿಚ್ ಬೋರ್ಡ್.

ಯಾಕೆಂದರೆ ವಿಜ್ಞಾನ ಹಳೆಯದು. 1973ರಲ್ಲಿ ತೈಲದ ಬೆಲೆ ಏಕಾಏಕಿ ಏರಿದ ಮೇಲೆ ಹಲವು ಕಡೆ ಇದರ ಹುಡುಕಾಟ ಶುರುವಾಯಿತು. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಸಸ್ಕ್ಯಾಚೆವಾನ್ ಕನ್ಸರ್ವೇಷನ್ ಹೌಸ್ ಅಂತ ಒಂದು ಮನೆ ಕಟ್ಟಿದರು. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವ ಊರು ಅದು. ಸರ್ಕಾರ ಕೇಳಿದ್ದು ಸೌರಶಕ್ತಿಯ ಮನೆ. ಹೆರಾಲ್ಡ್ ಆರ್ ಮತ್ತು ಜೊತೆಗಿದ್ದ ಎಂಜಿನಿಯರುಗಳು ಲೆಕ್ಕ ಹಾಕಿ ನೋಡಿದರು. ಅಂಥ ಜಾಗದಲ್ಲಿ ಬಿಸಿಲು ಹಿಡಿಯಲು ಒದ್ದಾಡುವುದಕ್ಕಿಂತ ಇರುವ ಬಿಸಿಯನ್ನು ಹೊರಗೆ ಬಿಡದೆ ಇರುವುದೇ ಮೇಲು ಅನ್ನಿಸಿತು. ದಪ್ಪ ಇನ್ಸುಲೇಷನ್, ಅಂದರೆ ಶಾಖ ದಾಟದಂತೆ ತಡೆಯುವ ಪದರ, ಗಾಳಿ ಸೋರದ ಬಿಗಿಯಾದ ಗೋಡೆ, ಹೊರಗೆ ಹೋಗುವ ಗಾಳಿಯ ಶಾಖವನ್ನು ಒಳಗೆ ಬರುವ ಗಾಳಿಗೆ ಕೊಡುವ ಒಂದು ಯಂತ್ರ. ಆ ಊರಿನ ಬೇರೆ ಮನೆಗಳಲ್ಲಿ ಇರುವಂಥ ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ದೊಡ್ಡ ಒಲೆ, ಅಲ್ಲಿ ಇರಲಿಲ್ಲ. ಸೌರ ಫಲಕಗಳನ್ನೂ ಹಾಕಿದ್ದರು, ಕೇಳಿದ್ದೇ ಅದಲ್ವಾ. ಆದರೆ ಆಮೇಲೆ ಜಗತ್ತು ಕಲಿತದ್ದು ಆ ಮನೆಯ ಗೋಡೆಯಿಂದ, ಫಲಕದಿಂದ ಅಲ್ಲ.

1988ರಲ್ಲಿ ಸ್ವೀಡನ್ನಿನ ಬೋ ಆಡಮ್ಸನ್ ಮತ್ತು ಜರ್ಮನಿಯ ವೋಲ್ಫ್‌ಗ್ಯಾಂಗ್ ಫೈಸ್ಟ್ ಕೂತು ಮಾತಾಡಿ ಇದಕ್ಕೊಂದು ಗಟ್ಟಿ ರೂಪ ಕೊಟ್ಟರು. ಡಾರ್ಮ್‌ಸ್ಟಾಟ್ ನಗರದ ಕ್ರಾನಿಷ್‌ಸ್ಟೈನ್‌ನಲ್ಲಿ ಒಂದಕ್ಕೊಂದು ಅಂಟಿದ ನಾಲ್ಕು ಮನೆಗಳು ಎದ್ದವು. 1991ರಿಂದ ಜನ ವಾಸ ಇದ್ದಾರೆ, ಫೈಸ್ಟ್ ಕುಟುಂಬವೂ ಅಲ್ಲಿಗೇ ಹೋಯಿತು. ಪ್ಯಾಸಿವ್ ಹೌಸ್ ಅನ್ನುವ ಮಾನದಂಡ ಬೆಳೆದದ್ದು ಅಲ್ಲಿಂದ. ಮನೆ ಬೆಚ್ಚಗಿಡಲು ಒಂದು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಮೀರಬಾರದು. ಇಲ್ಲವೇ ಅತಿ ಚಳಿಯ ದಿನವೂ ಚದರ ಮೀಟರಿಗೆ 10 ವ್ಯಾಟ್ ಸಾಕಾಗಬೇಕು. ಗಾಳಿ ಪರೀಕ್ಷೆಯಲ್ಲಿ ಗಂಟೆಗೆ ಸೋರುವ ಗಾಳಿ, ಒಳಗಿರುವ ಒಟ್ಟು ಗಾಳಿಯ 0.6 ಪಟ್ಟು ದಾಟಬಾರದು.

ಈ 10 ವ್ಯಾಟ್ ಎಲ್ಲಿಂದ ಬಂತು ಅನ್ನುವುದೇ ನನಗೆ ಬಹಳ ಇಷ್ಟವಾದ ಲೆಕ್ಕ. ಒಬ್ಬ ಮನುಷ್ಯನಿಗೆ ಗಂಟೆಗೆ ಸುಮಾರು 30 ಘನ ಮೀಟರ್ ತಾಜಾ ಗಾಳಿ ಬೇಕು ಅಂತ ಇಟ್ಟುಕೊಳ್ಳಿ. ಹೇಗಿದ್ದರೂ ಕೊಡಲೇಬೇಕಾದ ಆ ಗಾಳಿಯನ್ನು ಐವತ್ತು ಡಿಗ್ರಿ ತನಕ ಬಿಸಿ ಮಾಡಬಹುದು, ಅದಕ್ಕಿಂತ ಜಾಸ್ತಿ ಮಾಡಿದರೆ ಧೂಳು ಕರಕಲಾಗಿ ವಾಸನೆ ಬರುತ್ತದೆ. ಅಷ್ಟು ಗಾಳಿ ಸುಮಾರು 300 ವ್ಯಾಟ್ ಹೊತ್ತು ತರುತ್ತದೆ. ತಲೆಗೆ 30 ಚದರ ಮೀಟರ್ ಜಾಗ ಅಂದರೆ ಚದರ ಮೀಟರಿಗೆ 10 ವ್ಯಾಟ್. ಇದರೊಳಗೆ ಮನೆ ನಿಂತರೆ ಬೇರೆ ಹೀಟಿಂಗ್ ವ್ಯವಸ್ಥೆಯೇ ಬೇಡ. ಆ ದುಡ್ಡು ಉಳಿಯಿತು, ಅದನ್ನು ಗೋಡೆಗೆ ಹಾಕಿ. ಇನ್ನೊಂದು ತರಹ ನೋಡಿದರೆ, ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ. ನೂರು ಚದರ ಮೀಟರಿನ ಮನೆಗೆ ಹತ್ತು ಜನ ಬಂದರೆ, ಅತಿ ಚಳಿಯ ದಿನವೂ ಒಲೆ ಬೇಡ.

ಇಷ್ಟು ಸೊಗಸಾದ ಲೆಕ್ಕ ಇದ್ದೂ, ಮೂವತ್ತು ವರ್ಷ ದಾಟಿದರೂ, ಕಟ್ಟುವ ಹೆಚ್ಚಿನ ಕಟ್ಟಡಗಳು ಯಾಕೆ ಹೀಗಿಲ್ಲ?

ಮೊದಲು ಗೋಡೆಯಿಂದಲೇ ಶುರು ಮಾಡುತ್ತೇನೆ. ಗೋಡೆಯ ನಡುಭಾಗ ಯಾವತ್ತೂ ಸಮಸ್ಯೆ ಅಲ್ಲ. ದಪ್ಪ ಇನ್ಸುಲೇಷನ್ ಹಾಕಿದರೆ ಆಯಿತು. ತೊಂದರೆ ಇರುವುದು ಗೋಡೆ ಮುಗಿದು ಬೇರೇನೋ ಶುರುವಾಗುವ ಕಡೆ: ಕಿಟಕಿಯ ಚೌಕಟ್ಟು, ಚಾವಣಿಯ ಅಂಚು, ಪಾಯದ ಮೇಲ್ಭಾಗ, ಬಾಲ್ಕನಿ. ಒಳಗಿನ ಕಾಂಕ್ರೀಟ್ ಸ್ಲ್ಯಾಬ್ ಹಾಗೇ ಹೊರಗೆ ಚಾಚಿ ಬಾಲ್ಕನಿಯಾಗುತ್ತದೆ, ನೋಡಲು ಚೆಂದ. ಶಾಖದ ಕಣ್ಣಿನಲ್ಲಿ ಅದೊಂದು ಸೇತುವೆ. ಅದಕ್ಕೇ ಥರ್ಮಲ್ ಬ್ರಿಡ್ಜ್ ಅನ್ನುವುದು. ಅಲ್ಯೂಮಿನಿಯಂ ಇನ್ನೂ ಜೋರು, ಇನ್ಸುಲೇಷನ್ ಉಣ್ಣೆಗಿಂತ ಐದು ಸಾವಿರ ಪಟ್ಟು ಜಾಸ್ತಿ ಸಲೀಸಾಗಿ ಶಾಖ ಸಾಗಿಸುತ್ತದೆ. ಅಂಗೈ ದಪ್ಪದ ಉಣ್ಣೆ ಹಾಕಿ ನಡುವೆ ನಾಲ್ಕು ಅಲ್ಯೂಮಿನಿಯಂ ಪಟ್ಟಿ ತೂರಿಸಿದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೇ.

ಇದನ್ನು ಹಿಡಿಯಲು ಒಂದು ಸರಳ ಉಪಾಯ ಇದೆ. ಕಟ್ಟಡವನ್ನು ಸೀಳಿದಂತೆ ತೋರಿಸುವ ಡ್ರಾಯಿಂಗ್ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಗಾಳಿ ತಡೆಯುವ ಪದರದ ಮೇಲೆ ಗೆರೆ ಎಳೆಯುತ್ತಾ ಹೋಗಿ. ನೆಲದಿಂದ ಗೋಡೆ, ಗೋಡೆಯಿಂದ ಚಾವಣಿ, ಆ ಕಡೆ ಇಳಿದು ಮತ್ತೆ ನೆಲ. ಪೆನ್ ಎತ್ತಬಾರದು. ಎಲ್ಲಿ ಪೆನ್ ಎತ್ತಬೇಕಾಗುತ್ತದೋ ಅಲ್ಲಿ ಗಾಳಿ ಸೋರುತ್ತದೆ. ಎಷ್ಟು ಸುಲಭ ಅಲ್ವಾ? ನಾನು ಈ ಆಟವನ್ನು ಅನುಭವಸ್ಥರಿಗೆ ಕೊಟ್ಟು ನೋಡಿದ್ದೇನೆ. ಹೆಚ್ಚಿನವರು ಚಾವಣಿಯ ಅಂಚಿಗೆ ಬಂದ ಕೂಡಲೇ ಪೆನ್ ಹಿಡಿದುಕೊಂಡು ಯೋಚನೆಗೆ ಬೀಳುತ್ತಾರೆ. ಡ್ರಾಯಿಂಗಿನಲ್ಲೇ ಉತ್ತರ ಇಲ್ಲದ್ದು, ಅವಸರದಲ್ಲಿ ಏಣಿಯ ಮೇಲೆ ನಿಂತ ಕೆಲಸಗಾರನಿಗೆ ಎಲ್ಲಿಂದ ಹೊಳೆಯಬೇಕು?

ಇನ್ನೊಂದು ವಾದ ನನ್ನ ಕಿವಿಗೆ ಬೀಳದ ಸಭೆಯೇ ಇಲ್ಲ: "ಮನೆ ಉಸಿರಾಡಬೇಕು ಸಾರ್, ಹೀಗೆ ಡಬ್ಬಿ ಮಾಡಬಾರದು." ಮೊದಲು ನನಗೆ ಸಿಟ್ಟು ಬರುತ್ತಿತ್ತು. ಉಸಿರಾಡಬೇಕಾದ್ದು ಜನ, ಗೋಡೆ ಅಲ್ಲ ಅಂತ ವಾಪಸ್ ಕೊಡುತ್ತಿದ್ದೆ. ಈಗ ಹಾಗೆ ಮಾತಾಡುವುದಿಲ್ಲ. ಅವರ ಭಯದ ಹಿಂದೆ ಒಂದು ನಿಜ ಇದೆ, ಅದು ತೇವ. ನಾಲ್ಕು ಜನರ ಮನೆಯಲ್ಲಿ ಉಸಿರು, ಸ್ನಾನ, ಅಡುಗೆ, ಒದ್ದೆ ಬಟ್ಟೆ ಎಲ್ಲ ಸೇರಿ ದಿನಕ್ಕೆ ಹತ್ತು ಲೀಟರಿನಷ್ಟು ನೀರು ಆವಿಯಾಗಿ ಗಾಳಿಗೆ ಸೇರಬಹುದು. ಹಳೆಯ ಸೋರುವ ಮನೆಯಲ್ಲಿ ಅದು ಹೇಗೋ ಹೊರಗೆ ಹೋಗುತ್ತಿತ್ತು, ಗೋಡೆ ಒದ್ದೆಯಾದರೂ ಮತ್ತೆ ಒಣಗುತ್ತಿತ್ತು. ಬಿಗಿ ಮಾಡಿದ ಮೇಲೆ ತಪ್ಪಿಗೆ ಮಾಫಿ ಇಲ್ಲ. ಕೆನಡಾದ ವ್ಯಾಂಕೂವರ್ ಸುತ್ತಮುತ್ತ 1980, 90ರ ದಶಕದಲ್ಲಿ ಕಟ್ಟಿದ ಸಾವಿರಾರು ಅಪಾರ್ಟ್‌ಮೆಂಟುಗಳಲ್ಲಿ ಮಳೆನೀರು ಗೋಡೆಯೊಳಗೆ ಹೋಯಿತು, ಹೊರಬರಲು ದಾರಿ ಇರಲಿಲ್ಲ, ಒಳಗಿನ ಮರ ಕೊಳೆಯಿತು. ಅವೇನೂ ಪ್ಯಾಸಿವ್ ಹೌಸ್‌ಗಳಲ್ಲ. ಆದರೂ ಒಣಗಲಾರದ ಗೋಡೆ ಅಂದರೆ ಏನು ಅಂತ ಆ ಊರು ಚೆನ್ನಾಗಿ ಕಲಿಯಿತು.

ಹಾಗಾಗಿ ಬಿಗಿ ಮನೆಗೆ ಯಂತ್ರದ ಗಾಳಿ ಬೇಕೇ ಬೇಕು. ಯಂತ್ರ ಒಳ್ಳೆಯದೇ. ಹೊರಹೋಗುವ ಶಾಖದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲನ್ನು ಹಿಡಿದು ಕೊಡುತ್ತದೆ. ಆದರೆ ಅದಕ್ಕೆ ಫಿಲ್ಟರ್ ಇದೆ, ಫಿಲ್ಟರಿನಲ್ಲಿ ಧೂಳು ಕಟ್ಟುತ್ತದೆ, ಧೂಳು ಕಟ್ಟಿದರೆ ಫ್ಯಾನ್ ಗುಯ್ ಅನ್ನುತ್ತದೆ. ಮಲಗುವ ಕೋಣೆಯಲ್ಲಿ ಗುಯ್ ಅಂದ ಕೂಡಲೇ ಯಾರೋ ಒಬ್ಬರು ಎದ್ದು ಹೋಗಿ ಅದನ್ನು ಆಫ್ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ನೋಡಿದ ಒಂದು ಮನೆಯಲ್ಲಿ ಆ ಯಂತ್ರವನ್ನು ಅಟ್ಟದ ಮೂಲೆಯಲ್ಲಿ, ಮನುಷ್ಯ ತೆವಳಿಕೊಂಡೇ ಹೋಗಬೇಕಾದ ಕಡೆ ಇಟ್ಟಿದ್ದರು. ಮೂರು ತಿಂಗಳಿಗೊಮ್ಮೆ ಯಾವ ಮನುಷ್ಯ ಅಲ್ಲಿ ತೆವಳುತ್ತಾನೆ? ಯಂತ್ರದ ದಕ್ಷತೆ ಶೇಕಡಾ ಎಷ್ಟು ಅಂತ ಕೇಳಿದವರು, ಅದರ ಮುಚ್ಚಳ ತೆಗೆಯಲು ಕೈ ಆಡುತ್ತದಾ ಅಂತ ಕೇಳಿರಲಿಲ್ಲ.

ಇಷ್ಟೂ ಚಳಿಯ ಕಥೆ. ಸೆಕೆಯ ಕಡೆ ಲೆಕ್ಕವೇ ಬೇರೆ. ಅಲ್ಲಿ ದೊಡ್ಡ ಶತ್ರು ಬಿಸಿಲು, ಅದಕ್ಕೆ ಬಾಗಿಲು ತೆಗೆಯುವುದು ಗಾಜು. ನೇರ ಬಿಸಿಲು ಬೀಳುವ ಸಾದಾ ಗಾಜಿನಿಂದ ಚದರ ಮೀಟರಿಗೆ 500 ವ್ಯಾಟ್ ಒಳಗೆ ಬರುವುದು ದೊಡ್ಡ ಮಾತಲ್ಲ. ಪಶ್ಚಿಮಕ್ಕೆ ನಾಲ್ಕು ಚದರ ಮೀಟರ್ ಗಾಜು ಇಟ್ಟರೆ, ಸಂಜೆ ಹೊತ್ತಿಗೆ ಎರಡು ಕಿಲೋವ್ಯಾಟಿನ ಹೀಟರ್ ಹಚ್ಚಿ ಕೂತ ಹಾಗೆ. ಒಳಗೆ ಪರದೆ ಎಳೆದರೆ ಬೆಳಕು ನಿಲ್ಲುತ್ತದೆ, ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ನೆರಳು ಗಾಜಿನ ಹೊರಗೇ ಇರಬೇಕು. ಸಜ್ಜಾ ಹಾಕಿದರೆ ನೆತ್ತಿಯ ಸೂರ್ಯನಿಗೆ ಆಗುತ್ತದೆ, ಕೆಳಗಿಳಿದು ಕಣ್ಣಿಗೇ ಹೊಡೆಯುವ ಸಂಜೆಯ ಸೂರ್ಯನಿಗೆ ಆಗುವುದಿಲ್ಲ. ಆದರೂ ಗಾಜಿನ ಪೆಟ್ಟಿಗೆಯಂಥ ಕಟ್ಟಡಕ್ಕೇ ಬೇಡಿಕೆ ಜಾಸ್ತಿ, ಅದರ ಬಗ್ಗೆ ಬರೆಯಲು ಕೂತರೆ ನನ್ನ ರಕ್ತದೊತ್ತಡ ಏರುತ್ತದೆ.

ಸೆಕೆಯ ಜೊತೆ ತೇವವೂ ಇದ್ದರೆ ಇನ್ನೊಂದು ವಿಚಿತ್ರ. ಚೆನ್ನಾಗಿ ನೆರಳು ಕೊಟ್ಟು, ಚಾವಣಿಗೆ ಇನ್ಸುಲೇಷನ್ ಹಾಕಿ ಶಾಖವನ್ನು ಕಡಿಮೆ ಮಾಡುತ್ತೀರಿ. ತೇವ ಹಾಗೇ ಇರುತ್ತದೆ, ಯಾಕೆಂದರೆ ಅದು ಬರುವುದು ಗಾಳಿಯ ಜೊತೆ ಮತ್ತು ಜನರ ಜೊತೆ. ಎಸಿ ಶುರುವಾದ ಸ್ವಲ್ಪ ಹೊತ್ತಿಗೇ ಕೋಣೆ ತಣ್ಣಗಾಗಿ ತಾನೇ ನಿಂತುಬಿಡುತ್ತದೆ. ನೀರು ಹಿಂಡಿ ತೆಗೆಯುವಷ್ಟು ಹೊತ್ತು ಅದು ಓಡುವುದೇ ಇಲ್ಲ. ಕೋಣೆ ತಣ್ಣಗೆ, ಮೈ ಅಂಟು ಅಂಟು. ಆಗ ಜನ ಇನ್ನೂ ಎರಡು ಡಿಗ್ರಿ ಇಳಿಸುತ್ತಾರೆ! ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಎಸ್‌ಡಿಇ4 ಕಟ್ಟಡದಲ್ಲಿ ಬೇರೆ ದಾರಿ ಹಿಡಿದರು. 2019ರಲ್ಲಿ ತೆರೆದ ಕಟ್ಟಡ ಅದು. ಎಸಿಯಿಂದ ಬರುವ ಗಾಳಿಯನ್ನು ತೀರಾ ತಣ್ಣಗೆ ಮಾಡದೆ, ಜೊತೆಗೆ ಮೇಲೆ ಫ್ಯಾನ್ ತಿರುಗಿಸುತ್ತಾರೆ. ಮೈ ಮೇಲೆ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಜಾಸ್ತಿ ಇದ್ದರೂ ಹಾಯಾಗಿರುತ್ತದೆ. ಎಸಿಗೂ ಫ್ಯಾನಿಗೂ ನಡುವೆ ಒಂದು ರಾಜಿ. ನನಗೆ ಇದು ಬಹಳ ಹಿಡಿಸಿದೆ, ಯಾಕೆಂದರೆ ಇಲ್ಲಿ ಯೋಚನೆ ಶುರುವಾದದ್ದು ಮೈಯಿಂದ, ಥರ್ಮಾಮೀಟರಿನಿಂದ ಅಲ್ಲ.

ಸರಿ, ಕಟ್ಟಡ ಚೆನ್ನಾಗಿಯೇ ಬಂತು ಅಂತ ಇಟ್ಟುಕೊಳ್ಳಿ. ಒಳಗೆ ಜನ ಬರುತ್ತಾರೆ. ಶಿಳ್ಳೆ ಹಾಕಿದ ಕಟ್ಟಡದಲ್ಲಿ ಒಂದು ವರ್ಷ ಕಳೆದ ಮೇಲೆ ಮೀಟರ್ ನೋಡಿದಾಗ ನನ್ನ ಲೆಕ್ಕಕ್ಕಿಂತ ಬಹಳ ಜಾಸ್ತಿ ಇತ್ತು. ಒಂದು ವಾರ ಹುಡುಕಿದೆ. ರಾತ್ರಿ ಕಟ್ಟಡ ಖಾಲಿ ಅಂತ ನಾನು ಬರೆದುಕೊಂಡಿದ್ದೆ. ಅಲ್ಲಿ ರಾತ್ರಿಯಿಡೀ ಯಂತ್ರಗಳು ಓಡುತ್ತಿದ್ದವು, ಟೈಮರ್ ಹೊಂದಿಸುವುದು ಹೇಗೆ ಅಂತ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಪಿಡಿ ಇತ್ತು, ಇನ್ನೂರು ಪುಟ, ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನಲ್ಲಿ. ಕಟ್ಟಿದವರು ಬೀಗದ ಕೈ ಕೊಟ್ಟು ಹೋದರು, ನಡೆಸುವವರು ಬೀಗದ ಕೈ ತೆಗೆದುಕೊಂಡರು. ಮತ್ತೆ ಅದೇ ಸಂದಿ.

ಉಲ್ಟಾ ಕಥೆಯೂ ಇದೆ. 2012ರಲ್ಲಿ ಇಬ್ಬರು ಸಂಶೋಧಕರು ಜರ್ಮನಿಯ ಮನೆಗಳ ಅಂಕಿಅಂಶ ಕೂಡಿಸಿ ನೋಡಿದಾಗ, ಜನ ನಿಜವಾಗಿ ಬಳಸುತ್ತಿದ್ದ ಶಾಖ ಲೆಕ್ಕಕ್ಕಿಂತ ಸರಾಸರಿ ಶೇಕಡಾ 30ರಷ್ಟು ಕಡಿಮೆ ಇತ್ತು. ಮನೆ ಸೋರುತ್ತದೆ, ಬಿಲ್ ಜಾಸ್ತಿ ಬರುತ್ತದೆ, ಹಾಗಾಗಿ ಜನ ಒಂದೇ ಕೋಣೆ ಬೆಚ್ಚಗೆ ಮಾಡಿಕೊಂಡು ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಅಂಥ ಮನೆಯನ್ನು ಸರಿ ಮಾಡಿದರೆ ಇಷ್ಟು ಉಳಿಯುತ್ತದೆ ಅಂತ ನಾವು ತೋರಿಸುವ ಉಳಿತಾಯ ಎಲ್ಲಿಂದ ಬರಬೇಕು? ಅವರು ಖರ್ಚೇ ಮಾಡದ್ದನ್ನು ಉಳಿಸುವುದು ಹೇಗೆ? ಅವರಿಗೆ ಸಿಗುವುದು ದುಡ್ಡಲ್ಲ, ಬೆಚ್ಚಗಿನ ಮನೆ. ಅದು ಸಣ್ಣ ಲಾಭ ಏನಲ್ಲ. ನಮ್ಮ ಎಕ್ಸೆಲ್ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೇ.

ದುಡ್ಡಿನ ಮಾತು ಬಂತಲ್ಲ. ಕಟ್ಟಿ ಮಾರುವವನು ಗೋಡೆಗೆ ಖರ್ಚು ಮಾಡುತ್ತಾನೆ, ಬಿಲ್ ಕಟ್ಟುವವರು ಬೇರೆ. ಮನೆ ಮಾಲೀಕ ಕಿಟಕಿ ಬದಲಿಸಿದರೆ ಲಾಭ ಬಾಡಿಗೆಯವರಿಗೆ. ಬಾಡಿಗೆಯವರು ಯಾಕೆ ಬದಲಿಸಬೇಕು, ಮನೆ ತಮ್ಮದಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಜನ ಹೇಳುವುದು ನಮ್ಮಂಥವರ ಫೀಸಿನ ಬಗ್ಗೆ. ಎಷ್ಟೋ ಕಡೆ ವಿನ್ಯಾಸದ ಫೀಸ್ ನಿಲ್ಲುವುದು ಕೆಲಸದ ಒಟ್ಟು ಖರ್ಚಿನ ಶೇಕಡಾ ಲೆಕ್ಕದ ಮೇಲೆ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಎಸಿಯನ್ನು ಅರ್ಧಕ್ಕೆ ಇಳಿಸಿದ ಎಂಜಿನಿಯರಿಗೆ ಫೀಸೂ ಕಡಿಮೆ. ಅದೂ ಹೋಗಲಿ ಅಂದರೆ ಭಯ ಒಂದಿದೆ. ಎಸಿ ಎರಡು ಪಟ್ಟು ದೊಡ್ಡದಾಯಿತು ಅಂತ ಯಾರೂ ಬಂದು ಜಗಳ ಮಾಡುವುದಿಲ್ಲ, ಸಾಲದೇ ಹೋಯಿತು ಅಂದರೆ ಮಾತ್ರ ಫೋನ್ ಬರುತ್ತದೆ. ನಾನೂ ಎಷ್ಟೋ ಸಲ "ಇರಲಿ, ಸ್ವಲ್ಪ ಜಾಸ್ತಿ ಇಡೋಣ" ಅಂದಿದ್ದೇನೆ. ಒಳ್ಳೆಯ ಗೋಡೆಯ ಲಾಭವನ್ನೆಲ್ಲ ನಾನೇ ನನ್ನ ಭಯಕ್ಕೆ ಕೊಟ್ಟುಬಿಟ್ಟಿದ್ದೇನೆ.

ಹಾಗಾದರೆ ಕಾನೂನು ಮಾಡಿಬಿಟ್ಟರೆ? ಬೆಲ್ಜಿಯಂನ ಬ್ರಸೆಲ್ಸ್ ಪ್ರದೇಶ ಮಾಡಿತು. ಆದರೆ ಏಕಾಏಕಿ ಅಲ್ಲ. 2007ರಿಂದ ಮಾದರಿ ಕಟ್ಟಡಗಳಿಗೆ ಸ್ಪರ್ಧೆ ಇಟ್ಟು ಸಹಾಯಧನ ಕೊಟ್ಟರು. ಅಲ್ಲಿನ ಆರ್ಕಿಟೆಕ್ಟುಗಳು, ಕಂಟ್ರಾಕ್ಟರುಗಳು ಆ ಕೆಲಸಗಳ ಮೇಲೆ ಕೈ ಪಳಗಿಸಿಕೊಂಡರು. 2015ರಲ್ಲಿ ಹೊಸ ಕಟ್ಟಡಗಳಿಗೆ ಪ್ಯಾಸಿವ್ ಮಟ್ಟದ ನಿಯಮ ಕಡ್ಡಾಯ ಆಗುವ ಹೊತ್ತಿಗೆ ಮಾಡಬಲ್ಲ ಜನ ಊರಿನಲ್ಲೇ ಇದ್ದರು.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ಇದೆ. 2009ರಲ್ಲಿ ಮನೆಗಳ ಅಟ್ಟಕ್ಕೆ ಇನ್ಸುಲೇಷನ್ ಹಾಕಲು ಸರ್ಕಾರ ದೊಡ್ಡ ದುಡ್ಡು ಬಿಡುಗಡೆ ಮಾಡಿತು. ಕೆಲಸ ಬರದವರೂ ಕೆಲಸಕ್ಕೆ ಇಳಿದರು. ಲೋಹದ ಹಾಳೆಗೆ ಪಿನ್ ಹೊಡೆಯುವಾಗ ಅದು ಕೆಳಗಿನ ವಿದ್ಯುತ್ ತಂತಿಗೆ ತಾಗಿದರೆ ಏನಾಗಬಹುದು ಅಂತ ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ನಾಲ್ಕು ಜನ ಯುವಕರು ಸತ್ತರು, ಮೂವರು ವಿದ್ಯುತ್ ಆಘಾತದಿಂದ, ಒಬ್ಬರು ಅಟ್ಟದ ಬಿಸಿಯಿಂದ. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತದ್ದು ಎಲ್ಲರಿಗೂ ಗೊತ್ತು. ಹಳೆಯ ಕಟ್ಟಡಕ್ಕೆ ಹೊರಗಿನಿಂದ ಹೊಸ ಹೊದಿಕೆ ಹಾಕಿದ್ದರು, ಆ ಹೊದಿಕೆಯೇ ಹೊತ್ತಿ ಉರಿಯಿತು. ನನ್ನ ಕ್ಷೇತ್ರದ ಕೆಲವರು ಈ ಎರಡನ್ನೂ ಮಾತಿನಲ್ಲಿ ತರುವುದಿಲ್ಲ, ಕೆಟ್ಟ ಹೆಸರು ಬರುತ್ತದೆ ಅಂತ. ನಾನು ತರುತ್ತೇನೆ. ಇನ್ಸುಲೇಷನ್ ಅನ್ನು ಬರೀ ದಪ್ಪದ ಲೆಕ್ಕದಲ್ಲಿ ಕೊಂಡು, ಅದು ಯಾವುದರಿಂದ ಮಾಡಿದ್ದು, ಯಾರು ಹಾಕುತ್ತಾರೆ ಅಂತ ಕೇಳದೆ ಇದ್ದರೆ ನಾವೂ ಅದೇ ದಾರಿಯಲ್ಲೇ ಇದ್ದೇವೆ.

ಒಂದು ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ, ಇದಕ್ಕೆ ಬೇರೆಯೇ ಬರಹ ಬೇಕು. ನಡೆಸುವ ಖರ್ಚು ಇಳಿಯುತ್ತಾ ಹೋದಷ್ಟೂ ಕಟ್ಟುವಾಗಿನ ಖರ್ಚು, ಅಂದರೆ ಸಿಮೆಂಟು, ಉಕ್ಕು, ಗಾಜು ತಯಾರಿಸಲು ಸುಟ್ಟ ಇಂಧನ, ಎದ್ದು ಕಾಣುತ್ತದೆ. ಗಟ್ಟಿಮುಟ್ಟಾದ ಹಳೆಯ ಕಟ್ಟಡ ಕೆಡವಿ ಹೊಸ 'ಶೂನ್ಯ ಇಂಧನ' ಕಟ್ಟಡ ಕಟ್ಟುವವರನ್ನು ಕಂಡರೆ ನನಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನಿಸುತ್ತದೆ.

ಮತ್ತೆ ಆ ಶಿಳ್ಳೆಗೆ ಬರುತ್ತೇನೆ. ಎರಡನೇ ಪರೀಕ್ಷೆಗೆ ಮುಂಚೆ ನಾನು ಒಂದೇ ಒಂದು ಬದಲಾವಣೆ ಮಾಡಿದೆ. ಇಡೀ ಕಟ್ಟಡದ ಡ್ರಾಯಿಂಗಿನಲ್ಲಿ ಒಂದು ಹಾಳೆ ಬರೀ ಸಂದಿಗಳಿಗೆ ಇಟ್ಟೆ. ಯಾವ ಪೈಪ್ ಎಲ್ಲಿ ಗೋಡೆ ತೂರುತ್ತದೆ, ಅದರ ಸುತ್ತ ಮುಚ್ಚುವವರು ಯಾರು ಅಂತ ಪ್ರತಿಯೊಂದರ ಪಕ್ಕ ಬರೆದೆ. ಕಂಟ್ರಾಕ್ಟರ್ ಮುಖ ಸಿಂಡರಿಸಿದರು, ಸಹಿ ಹಾಕಿದರು. ಪರೀಕ್ಷೆಯ ದಿನ ಎಲೆಕ್ಟ್ರಿಷಿಯನ್ ಹುಡುಗನನ್ನೂ ಬರಲು ಹೇಳಿದ್ದೆ. ಮೊದಲ ಸಲ ಅವನಿಗೆ ಆ ಫ್ಯಾನನ್ನು ಯಾರೂ ತೋರಿಸಿರಲೇ ಇಲ್ಲವಂತೆ. ಫ್ಯಾನ್ ಓಡುತ್ತಿದ್ದಾಗ ಅವನು ತನ್ನ ಪಾಡಿಗೆ ಒಂದೊಂದೇ ಬೋರ್ಡಿನ ಹತ್ತಿರ ಹೋಗಿ ಅಂಗೈ ಇಟ್ಟು ನೋಡುತ್ತಾ ಬಂದ. ಸಂಖ್ಯೆ ನಾವು ಅಂದುಕೊಂಡಷ್ಟು ಕೆಳಗೆ ಇಳಿಯಲಿಲ್ಲ, ಆದರೆ ಮೊದಲಿಗಿಂತ ಎಷ್ಟೋ ವಾಸಿ. ನಾನು ಕಂಪ್ಯೂಟರ್ ಮುಚ್ಚುತ್ತಿದ್ದೆ. ಮೆಟ್ಟಿಲ ಕೆಳಗಿನ ಮೂಲೆಯಿಂದ ಅವನು ಕೂಗಿದ.

"ಸಾರ್, ಇಲ್ಲೊಂದು ಇದೆ ಬನ್ನಿ. ಇದು ನಂದಲ್ಲ, ಪ್ಲಂಬರ್‌ದು. ಆದ್ರೂ ಮುಚ್ಚಿಬಿಡ್ಲಾ?"